ಅಟ್ಟದ ಮೇಲಿನ ಛೇದ

ಕಳೆದ ಕಾರ್ತಿಕದ ಒಂದು ಶನಿವಾರ ತಮ್ಮನ ಮಗಳು ತುಮಕೂರಿನಿಂದ ಕುಣಿಗಲ್ಲಿಗೆ ಬಂದು, ಅಲ್ಲಿ ಮದ್ದೂರು ಕಡೆಯ ಬಸ್ಸು ಹತ್ತಿ, ಹುಲಿಯೂರುದುರ್ಗದಲ್ಲಿ ಇಳಿಯುವ ಹೊತ್ತಿಗೆ ದುರ್ಗದ ಬೆಟ್ಟದ ಮೇಲೆ ಬೆಳಕು ಆರುತ್ತಿತ್ತು. ಚೀಲದಲ್ಲಿ ಬಟ್ಟೆಗಿಂತ ಕಾಗದವೇ ಜಾಸ್ತಿ. ಎಂ.ಕಾಂ. ಕೊನೆಯ ವರ್ಷ. ತೆಂಗಿನೆಣ್ಣೆ ಮಾರುವ ಒಂದು ಕಂಪನಿಯ ಹಣಕಾಸು ವಿಶ್ಲೇಷಣೆ ಮಾಡಿ ಪ್ರಬಂಧ ಒಪ್ಪಿಸಬೇಕು. ಅವಳು ಆರಿಸಿಕೊಂಡದ್ದು ಮಾರಿಕೊ, ಪ್ಯಾರಾಶೂಟ್ ನೀಲಿ ಡಬ್ಬಿಯ ಕಂಪನಿ. ತೆಂಗಿನ ಸೀಮೆಯ ಹುಡುಗಿ ತೆಂಗಿನೆಣ್ಣೆಯನ್ನೇ ಆರಿಸಿಕೊಂಡಳಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

ಕೈಕಾಲು ತೊಳೆದು ಬಂದವಳೇ ಕಾಗದ ಹರಡಿದಳು. ಕಂಪನಿಯ ಐದು ವರ್ಷದ ವಾರ್ಷಿಕ ವರದಿ, ಲಾಭ ನಷ್ಟದ ಲೆಕ್ಕ, ಅನುಪಾತಗಳ ಕೋಷ್ಟಕ, ಎಲ್ಲ ಅಚ್ಚುಕಟ್ಟು. ಆದರೆ ಮಾರುಕಟ್ಟೆ ಪಾಲು ಎಂಬ ಅಧ್ಯಾಯದಲ್ಲಿ ಒಂದು ಪುಟ ಖಾಲಿ.

“ಅಂಶ ಸಿಕ್ಕಿದೆ ದೊಡ್ಡಪ್ಪ, ಛೇದ ಸಿಗ್ತಿಲ್ಲ” ಅಂದಳು.

ಕಂಪನಿಯ ಮಾರಾಟ ಮೇಲೆ, ಇಡೀ ಉದ್ಯಮದ ಮಾರಾಟ ಕೆಳಗೆ; ಭಾಗಿಸಿದರೆ ಪಾಲು. ಮೇಲಿನದು ವರದಿಯಲ್ಲೇ ಇದೆ. 2023-24ರಲ್ಲಿ ಕಂಪನಿಯ ಒಟ್ಟು ವಹಿವಾಟು 9,653 ಕೋಟಿ ರೂಪಾಯಿ, ಮರುವರ್ಷ 10,800 ಕೋಟಿ ದಾಟಿದೆ. ಕೆಳಗೆ ಏನು ಬರೆಯುವುದು? ಅವಳು ಒಂದು ವಾರ ಹುಡುಕಿ ಮೂರು ಸಂಖ್ಯೆ ತಂದಿದ್ದಳು. ಮೂರೂ ಮಾರುಕಟ್ಟೆ ವರದಿ ಮಾರುವವರ ಜಾಹೀರಾತಿನಿಂದ ಎತ್ತಿದವು. ಭಾರತದ ತೆಂಗಿನೆಣ್ಣೆ ಮಾರುಕಟ್ಟೆ ಇಷ್ಟು ಡಾಲರ್, ವರ್ಷಕ್ಕೆ ಶೇಕಡಾ ಇಷ್ಟು ಬೆಳೆಯುತ್ತದೆ ಎಂದು ಒಂದು ಸಾಲು. ಒಳಗಿನ ಲೆಕ್ಕ ಬೇಕಿದ್ದರೆ ಸಾವಿರಾರು ಡಾಲರ್ ಕೊಟ್ಟು ಕೊಳ್ಳಬೇಕು. ಒಂದಕ್ಕೊಂದು ಎಲ್ಲಿಯೂ ತಾಳೆಯಾಗುವುದಿಲ್ಲ. ಗೆಳತಿಯರು ನಡುವಿನದನ್ನು ಹಾಕಿಬಿಡು ಅಂದರಂತೆ. ಅವಳಿಗೆ ಮನಸ್ಸು ಬಂದಿಲ್ಲ. ಆ ಹಿಂಜರಿಕೆಯೇ ನನಗೆ ಅವಳ ಐದು ವರ್ಷದ ಕೋಷ್ಟಕಗಳೆಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಯಾಕೆಂದರೆ ನಾನು ಅವಳ ವಯಸ್ಸಿನಲ್ಲಿ ಹಿಂಜರಿಯಲಿಲ್ಲ. 1988ರಲ್ಲಿ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಓದುತ್ತಿದ್ದಾಗ ಎಚ್‌ಎಂಟಿ ಗಡಿಯಾರದ ಮೇಲೆ ಬರೆದೆ. ತುಮಕೂರಿನಲ್ಲಿ ಅದರ ಕಾರ್ಖಾನೆ ಇತ್ತು, ನಮ್ಮ ಕಡೆಯ ಎಷ್ಟೋ ಮನೆಗೆ ಅನ್ನ ಹಾಕಿತ್ತು. ದೇಶದಲ್ಲಿ ವರ್ಷಕ್ಕೆ ಎಷ್ಟು ಗಡಿಯಾರ ಮಾರಾಟವಾಗುತ್ತವೆ ಎಂಬ ಸಂಖ್ಯೆಯನ್ನು ಯಾವುದೋ ಪತ್ರಿಕೆಯ ತುಣುಕಿನಿಂದ ತೆಗೆದು ಬರೆದುಬಿಟ್ಟೆ. ನನ್ನ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಂಚಿಗೆ ಒಂದೇ ಪ್ರಶ್ನೆ ಬರೆದರು: ಕಳ್ಳಸಾಗಣೆಯ ಗಡಿಯಾರ ಇದರಲ್ಲಿ ಸೇರಿದೆಯೋ ಇಲ್ಲವೋ? ಆ ಕಾಲದಲ್ಲಿ ವಿದೇಶದಿಂದ ಕದ್ದು ಬಂದ ಗಡಿಯಾರ ಊರೂರಿನ ಸಂದಿಗಳಲ್ಲಿ ಮಾರಾಟವಾಗುತ್ತಿತ್ತು. ಅದನ್ನು ಸೇರಿಸಿದರೆ ಎಚ್‌ಎಂಟಿಯ ಪಾಲು ಒಂದು, ಬಿಟ್ಟರೆ ಇನ್ನೊಂದು. ನನಗೆ ಉತ್ತರ ಗೊತ್ತಿರಲಿಲ್ಲ. ಪಕ್ಕದ ನಾಗರಬಾವಿಯಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗಿ, ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ದಪ್ಪ ಸಂಪುಟಗಳಿಂದ ದಿನಗಟ್ಟಲೆ ಕೈಯಲ್ಲಿ ನಕಲು ಮಾಡಿಕೊಂಡೆ. ಟೈಟನ್ ಆಗಷ್ಟೇ ಅಂಗಡಿಗೆ ಬಂದಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಕೆಂಪು ಶಾಯಿಯ ಪ್ರಶ್ನೆ.

ಅದಕ್ಕೇ ಅವಳಿಗೆ ಹೇಳಿದೆ: “ಸಂಖ್ಯೆ ಆಮೇಲೆ ಹುಡುಕೋಣ ಕಣಮ್ಮ. ತೆಂಗಿನೆಣ್ಣೆ ಉದ್ಯಮ ಅಂದ್ರೆ ಯಾವುದು, ಮೊದಲು ಅದನ್ನ ಹೇಳು.”

“ತೆಂಗಿನೆಣ್ಣೆ ಮಾರೋದು” ಅಂದಳು.

“ಯಾರು ಮಾರೋದು? ಯಾರಿಗೆ? ತಲೆಗೋ ಬಾಣಲೆಗೋ?”

ಸುಮ್ಮನಾದಳು. ನಮ್ಮ ಅಮ್ಮ ಒಲೆಯ ಬಳಿಯಿಂದ, “ಮಗೀಗೆ ಊಟಕ್ಕಿಕ್ಕದೆ ಪ್ರಶ್ನೆ ಕೇಳ್ತಾ ಕೂತವ್ನೆ” ಎಂದು ಗದರಿದರು.

ಊಟವಾದ ಮೇಲೆ ಅವಳು ಕಚ್ಚಾ ಸಾಮಗ್ರಿಯ ಕೋಷ್ಟಕ ತೋರಿಸಿದಳು. ಕೊಬ್ಬರಿ ಬೆಲೆ ಏರಿದಂತೆ ಕಂಪನಿಯ ಲಾಭ ಹೇಗೆ ಕುಗ್ಗುತ್ತದೆ ಎಂದು ನೋಡಲು ತಿಪಟೂರು ಎಪಿಎಂಸಿಯ ಕೊಬ್ಬರಿ ದರವನ್ನು ತಿಂಗಳ ಲೆಕ್ಕದಲ್ಲಿ ಹಾಕಿದ್ದಳು. ನಮ್ಮ ಜಿಲ್ಲೆಯ ಮಾರುಕಟ್ಟೆ, ದೇಶಕ್ಕೇ ಹೆಸರಾದದ್ದು. ನಮಗೆ ಕೊಬ್ಬರಿ ಅಂದರೆ ತಿಪಟೂರು. ತಪ್ಪು ಅಲ್ಲೇ ಇತ್ತು, ತೀರಾ ಹತ್ತಿರದ್ದಾದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ.

ತಿಪಟೂರಿನಲ್ಲಿ ಹರಾಜಾಗುವುದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಹಾಕಿಡುತ್ತೇವೆ. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು, ಅಲುಗಾಡಿಸಿದರೆ ಗಿಟುಕು ಒಳಗೆ ಗಡಗಡ ಎನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡಿಯ ಗಿಟುಕನ್ನೇ ತೆಗೆಯುವುದು. ಅದು ಗಾಣಕ್ಕೆ ಹೋಗುವ ಮಾಲಲ್ಲ. ಉತ್ತರ ಭಾರತಕ್ಕೆ ಹೋಗುತ್ತದೆ. ಹಬ್ಬಕ್ಕೆ, ಮದುವೆಗೆ, ಸಿಹಿತಿಂಡಿಗೆ, ಪೂಜೆಯ ತಟ್ಟೆಗೆ. ಎಣ್ಣೆಗೆ ಬೇಕಾದ ಹೋಳು ಕೊಬ್ಬರಿ ಬೇರೆ. ಕಾಯಿ ಒಡೆದು ಬಿಸಿಲಿಗೋ ಗೂಡಿಗೋ ಹಾಕಿ ಕೆಲವೇ ದಿನದಲ್ಲಿ ಒಣಗಿಸುವುದು. ಅದರ ದರ ಹುಟ್ಟುವುದು ಕೇರಳದ ಕೊಚ್ಚಿಯಲ್ಲಿ, ತಮಿಳುನಾಡಿನ ಕಾಂಗೇಯಂನಲ್ಲಿ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಕೊಡುವಾಗಲೂ ಎರಡನ್ನೂ ಬೇರೆಯಾಗಿಯೇ ಇಡುತ್ತದೆ: 2024ರ ಹಂಗಾಮಿಗೆ ಉಂಡೆ ಕೊಬ್ಬರಿ ಕ್ವಿಂಟಲಿಗೆ 12,000, ಗಿರಣಿಗೆ ಹೋಗುವ ಹೋಳು ಕೊಬ್ಬರಿ 11,160.

ನಂಬಿಕೆ ಬರಲಿ ಎಂದು ತಿಪಟೂರಿನ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಶಿಷ್ಯನಿಗೆ ಫೋನು ಮಾಡಿ ಅವಳ ಕೈಗೆ ಕೊಟ್ಟೆ. ಅವನು ನಗಲಿಲ್ಲ, ತಾಳ್ಮೆಯಿಂದ ಹೇಳಿದ: “ನಮ್ಮ ಮಾಲು ಎಣ್ಣೆಗೆ ಹೋದ್ರೆ ನಮಗೆ ನಷ್ಟ ಕಣಮ್ಮ. ಕೌಟಾಗಿದ್ದು, ಒಡೆದಿದ್ದು, ಅಂಥವು ಮಾತ್ರ ಗಾಣದ ಪಾಲು.” ಕೌಟು, ಅಂದರೆ ಕೆಟ್ಟು ಕಮಟಿದ್ದು; ಈ ಮಾತನ್ನು ಅವಳು ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ಕೇಳಿದ್ದಾಳೆ. ಅದು ತನ್ನ ಪ್ರಬಂಧದ ಒಂದು ಕಲಮಿನ ಹೆಸರಾಗಬಹುದೆಂದು ಅವತ್ತಿನವರೆಗೆ ಹೊಳೆದಿರಲಿಲ್ಲ. ಕೋಷ್ಟಕವನ್ನು ಅಲ್ಲೇ ಗೀಟು ಹಾಕಿ ಹೊಡೆದಳು. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ತೆಂಗು ಅಭಿವೃದ್ಧಿ ಮಂಡಳಿ, 1981ರಲ್ಲಿ ಶುರುವಾದದ್ದು, ಮಾರುಕಟ್ಟೆವಾರು ದರ ಪ್ರಕಟಿಸುತ್ತದೆ. ಅದರಿಂದ ಹೋಳು ಕೊಬ್ಬರಿಯ ದರ ತೆಗೆದುಕೊಂಡಳು.

ಬೆಳಿಗ್ಗೆ ಅವಳನ್ನು ಪೇಟೆಯ ಎಣ್ಣೆ ಮಿಲ್ಲಿಗೆ ಕರೆದುಕೊಂಡು ಹೋದೆ. ಒಂದು ಮೋಟಾರು, ಮೂರು ಜನ. ಕೌಟು ಕೊಬ್ಬರಿ, ಮನೆಯ ಹೋಳು ಕೊಬ್ಬರಿ ಗೋಣಿಚೀಲದಲ್ಲಿ ತಂದು ಹಳ್ಳಿಯವರು ಸಾಲಾಗಿ ಕೂತಿದ್ದರು. ಆಡಿಸಿ ಕೊಟ್ಟದ್ದಕ್ಕೆ ಕೂಲಿ. ಹಿಂಡಿಯನ್ನು ಮಿಲ್ಲಿನವನಿಗೇ ಬಿಟ್ಟರೆ ಕೂಲಿ ಇಲ್ಲ. ಅವಳು ಅರ್ಧ ಗಂಟೆ ನಿಂತು ನೋಡಿ, ದಾರಿಯಲ್ಲಿ ಕೇಳಿದಳು:

“ದೊಡ್ಡಪ್ಪ, ಇವರು ಎಣ್ಣೆ ಮಾರ್ತಾನೇ ಇಲ್ವಲ್ಲ?”

ಹೌದು. ಅಷ್ಟು ಡಬ್ಬಿ ಎಣ್ಣೆ ಕಣ್ಣೆದುರು ಹರಿಯಿತು, ಅದರಲ್ಲಿ ಒಂದು ಹನಿಯೂ ಮಾರಾಟವಲ್ಲ. ತನ್ನ ಕೊಬ್ಬರಿ, ತನ್ನ ಎಣ್ಣೆ, ತನ್ನ ಮನೆಯ ಒಗ್ಗರಣೆ ಮತ್ತು ತನ್ನ ಮಕ್ಕಳ ತಲೆ. ಮಿಲ್ಲಿನ ಲೆಕ್ಕದಲ್ಲಿ ಇರುವುದು ಕೂಲಿ ಮತ್ತು ಹಿಂಡಿ. ಮಾರಾಟದ ಅಂಕಿ ಹುಡುಕುವವನಿಗೆ ಈ ಎಣ್ಣೆ ಇಲ್ಲ. ಆದರೆ ಮಾರಿಕೊ ಕಂಪನಿಯವರಿಗೆ ಇದು ಇದೆ. ಈ ಮನೆಗಳು ನೀಲಿ ಡಬ್ಬಿ ಕೊಳ್ಳುವುದಿಲ್ಲ. ಪೈಪೋಟಿ ಇದ್ದೂ ಛೇದದಲ್ಲಿ ಕಾಣಿಸದ ಪೈಪೋಟಿ ಇದು. ಇದನ್ನು ಯಾವ ಡಾಲರ್ ವರದಿಯೂ ಅವಳಿಗೆ ಹೇಳುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಮಿಲ್ಲು ಸರ್ಕಾರದ ಪುಸ್ತಕದಲ್ಲಾದರೂ ಇದೆಯೇ? 1959ರ ಲೆಕ್ಕದಿಂದ ಆರಂಭವಾದ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಹಿಡಿಯುತ್ತ ಬಂದದ್ದು ಮುಖ್ಯವಾಗಿ ಹಳೆಯ ಕಾರ್ಖಾನೆ ಕಾಯ್ದೆಯಡಿ ನೋಂದಾಯಿತವಾದವುಗಳನ್ನು: ವಿದ್ಯುತ್ ಇದ್ದರೆ ಹತ್ತು ಕೆಲಸಗಾರರು, ಇಲ್ಲದಿದ್ದರೆ ಇಪ್ಪತ್ತು. ಮೂರು ಜನರ ನಮ್ಮ ಮಿಲ್ಲು ಹೊರಗೆ. ಅಂಥವಕ್ಕೆ ಈಗ ಬೇರೊಂದು ಸಮೀಕ್ಷೆ ಇದೆ, ಕಂಪನಿಯಾಗಿ ನೋಂದಣಿಯಾಗದ ಸಣ್ಣ ಉದ್ಯಮಗಳದ್ದು. ಅದರಲ್ಲಿ ತೆಂಗಿನೆಣ್ಣೆಯನ್ನು ಬಿಡಿಸಿ ತೆಗೆಯುವುದು ವಿದ್ಯಾರ್ಥಿಯ ಕೈಲಾಗುವ ಕೆಲಸವಲ್ಲ. ವಾರ್ಷಿಕ ಸಮೀಕ್ಷೆಯ ಕೋಷ್ಟಕದಲ್ಲೂ ತೊಡಕಿದೆ. ದೇಶದ ಕೈಗಾರಿಕೆಗಳಿಗೆಲ್ಲ ಸಂಕೇತಸಂಖ್ಯೆ ಕೊಟ್ಟಿದ್ದಾರೆ. 1040 ಎಂಬ ವರ್ಗದೊಳಗೆ ಶೇಂಗಾ, ಸೂರ್ಯಕಾಂತಿ, ತೆಂಗು, ವನಸ್ಪತಿ ಎಲ್ಲ ಒಟ್ಟಿಗೆ. ತಲೆಗೆ ಹಚ್ಚುವ ಎಣ್ಣೆಯೆಂದು ಹೇಳಿಕೊಂಡರೆ ಅದು ಸೋಪು, ಸುಗಂಧದ ಜೊತೆಗೆ 2023 ಎಂಬ ಬೇರೆ ವರ್ಗ. ಒಂದೇ ಎಣ್ಣೆ, ಎರಡು ಮನೆ.

ಇದು ಬರೀ ಪುಸ್ತಕದ ತೊಡಕಲ್ಲ. ಸಣ್ಣ ಬಾಟಲಿಯ ಶುದ್ಧ ತೆಂಗಿನೆಣ್ಣೆ ಅಡುಗೆ ಎಣ್ಣೆಯೋ ತಲೆಗೂದಲ ಎಣ್ಣೆಯೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಗಿ ನಿಂತಿತ್ತು. ಮೂವರ ಪೀಠ 2024ರ ಡಿಸೆಂಬರ್ 18ರಂದು ತೀರ್ಪು ಕೊಟ್ಟಿತು: ಬಾಟಲಿ ಸಣ್ಣದೆಂಬ ಒಂದೇ ಕಾರಣಕ್ಕೆ ಅದು ತಲೆಯೆಣ್ಣೆ ಆಗುವುದಿಲ್ಲ, ಅಡುಗೆ ಎಣ್ಣೆಯೆಂದು ಮಾರಿದರೆ ಅಡುಗೆ ಎಣ್ಣೆ, ತಲೆಯೆಣ್ಣೆಯೆಂದು ಚೀಟಿ ಅಂಟಿಸಿದರೆ ತಲೆಯೆಣ್ಣೆ. ಆಗ ಒಂದಕ್ಕೆ ಶೇಕಡಾ 5, ಇನ್ನೊಂದಕ್ಕೆ 18ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 5 ಆಯಿತು. ತೀರ್ಪನ್ನು ಅವಳಿಗೆ ಓದಲು ಹೇಳಿದಾಗ ಮುಖ ಬಾಡಿತು. ಹಣಕಾಸು ವಿಶ್ಲೇಷಣೆಗೂ ಕೋರ್ಟಿಗೂ ಏನು ಸಂಬಂಧ ಎಂಬ ಭಾವ. ಎರಡು ಪುಟ ಓದಿದ ಮೇಲೆ ತಾನೇ ಎದ್ದು ಕೂತಳು. ಇದೇ ತನ್ನ ಪ್ರಶ್ನೆ. ಉದ್ಯಮ ಯಾವುದು ಎಂಬುದನ್ನೇ ಕೋರ್ಟು ವರ್ಷಗಟ್ಟಲೆ ಕೇಳಿಕೊಂಡಿದೆ.

ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕೂತು ನಾವಿಬ್ಬರೂ ಒಂದು ತೆಂಗಿನಕಾಯಿಯ ಹಿಂದೆ ಹೋದೆವು. ರೈತ ವ್ಯಾಪಾರಿಗೆ ಮಾರಿದ. ವ್ಯಾಪಾರಿ ಒಣಗಿಸಿ ಗಿರಣಿಗೆ ಮಾರಿದ. ಗಿರಣಿಯವನು ಎಣ್ಣೆ ತೆಗೆದು ಹೆಸರಾಂತ ಕಂಪನಿಗೆ ಮಾರಿದ. ಕಂಪನಿ ವಿತರಕನಿಗೆ, ವಿತರಕ ಅಂಗಡಿಗೆ, ಅಂಗಡಿಯವನು ನಮ್ಮಮ್ಮನಂಥವರಿಗೆ. ಒಂದೇ ಕಾಯಿ ಆರು ಸಲ ಮಾರಾಟವಾಯಿತು. ಗಿರಣಿಯ ಮಾರಾಟವನ್ನೂ ಕಂಪನಿಯ ಮಾರಾಟವನ್ನೂ ಕೂಡಿಸಿದರೆ ಅದೇ ಎಣ್ಣೆ ಎರಡು ಸಲ ಛೇದಕ್ಕೆ ಬರುತ್ತದೆ, ಪಾಲು ಅನ್ಯಾಯವಾಗಿ ಕಿರಿದಾಗುತ್ತದೆ. ಇನ್ನೊಂದು ಬಲೆ ಬೆಲೆಯದ್ದು. ಅಂಗಡಿಗಳ ಬಿಲ್ಲು ಎಣಿಸಿ ಮಾರುಕಟ್ಟೆಯ ಗಾತ್ರ ಹೇಳುವವರು ಗಿರಾಕಿ ಕೊಟ್ಟ ಹಣ ಹೇಳುತ್ತಾರೆ. ಕಂಪನಿಯ ವರದಿಯಲ್ಲಿರುವುದು ರಿಯಾಯಿತಿ ಕಳೆದು, ಜಿಎಸ್‌ಟಿ ಬಿಟ್ಟು, ವಿತರಕನಿಂದ ಬಂದ ಹಣ. ಒಂದು ಅಳತೆಯ ಅಂಶವನ್ನು ಇನ್ನೊಂದು ಅಳತೆಯ ಛೇದದಿಂದ ಭಾಗಿಸುವುದೆಂದರೆ ಸೇರಿನಲ್ಲಿ ಅಳೆದ ರಾಗಿಯನ್ನು ಕೇಜಿಯಿಂದ ಭಾಗಿಸಿದ ಹಾಗೆ.

ಆಮೇಲೆ ವರ್ಷದ ಸಂಗತಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ರಸ್ತೆಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಹೋಳು ಕೊಬ್ಬರಿಯೂ ಜೊತೆಗೇ ಏರಿತು. ಹೀಗೆ ಏರಿದ ವರ್ಷ ಉದ್ಯಮದ ಮಾರಾಟ ಬೆಳೆಯಿತು ಎಂದರೆ ಎಣ್ಣೆ ಹೆಚ್ಚು ಮಾರಾಟವಾಯಿತು ಎಂದಲ್ಲ. ಲೀಟರಿನ ಲೆಕ್ಕ ಒಂದು ಕಲಮು, ರೂಪಾಯಿಯ ಲೆಕ್ಕ ಇನ್ನೊಂದು ಕಲಮು ಇರಲೇಬೇಕು. ನಾನು ಪಾಠ ಹೇಳಿದ ಅಷ್ಟೂ ವರ್ಷ ಇದನ್ನು ಹಲಗೆಯ ಮೇಲೆ ಬರೆದಿದ್ದೇನೆ. ಅಟ್ಟದ ಕಾಯಿ ಬೆಲೆಯಿಲ್ಲದೆ ಕೂತ ವರ್ಷವನ್ನೂ ಬಂಗಾರವಾದ ವರ್ಷವನ್ನೂ ಕಂಡ ಮನೆಯ ಹುಡುಗಿಗೆ ಬಾಯಲ್ಲಿ ಹೇಳುವ ಮೊದಲೇ ಗೊತ್ತಾಯಿತು.

ಇಷ್ಟಾದ ಮೇಲೆ ಸಂಖ್ಯೆ ಹುಡುಕಲು ಕೂತೆವು. ಈಗ ಹುಡುಕಾಟ ಕಷ್ಟವಾಗಲಿಲ್ಲ, ಏನು ಬೇಕೆಂದು ಗೊತ್ತಿತ್ತಲ್ಲ. ಅವಳು ಗೆರೆ ಎಳೆದುಕೊಂಡದ್ದು ಹೀಗೆ: ಹೆಸರು ಹಾಕಿ, ಪ್ಯಾಕು ಮಾಡಿ, ಕಂಪನಿಗಳು ಮಾರುವ ತೆಂಗಿನೆಣ್ಣೆ ಮಾತ್ರ, ಕಂಪನಿಯ ಬಾಗಿಲಿನ ಬೆಲೆಯಲ್ಲಿ. ಷೇರು ಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಕಡ್ಡಾಯವಾಗಿ ಕೊಡಬೇಕಾದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ ಒಂದು ಕೋಷ್ಟಕವಿದೆ. ವಹಿವಾಟಿನ ಶೇಕಡಾ 90ರಷ್ಟು ತರುವ ಸರಕುಗಳು ಯಾವುವು, ಅವುಗಳ ಕೈಗಾರಿಕಾ ಸಂಕೇತ ಏನು, ಒಟ್ಟಿನಲ್ಲಿ ಪ್ರತಿಯೊಂದರ ಪಾಲು ಎಷ್ಟು ಎಂದು ಅಲ್ಲಿ ಬರೆಯಬೇಕು. ವಾರ್ಷಿಕ ವರದಿಯ ಹಿಂಭಾಗದಲ್ಲಿ, ಕಾರ್ಬನ್ನು ನೀರು ಎಂಬ ಪುಟಗಳ ನಡುವೆ ಅಡಗಿರುವ ಈ ಕೋಷ್ಟಕವನ್ನು ಹಣಕಾಸು ಓದುವ ಮಕ್ಕಳು ತಿರುವಿಯೂ ನೋಡುವುದಿಲ್ಲ. ಅವಳು ಅದುವರೆಗೆ ಇಡೀ ಕಂಪನಿಯ ಮಾರಾಟವನ್ನೇ ಅಂಶವೆಂದು ಇಟ್ಟುಕೊಂಡಿದ್ದಳು. ಓಟ್ಸು, ಸಫೋಲಾ ಎಣ್ಣೆ, ವಿದೇಶದ ವ್ಯಾಪಾರ ಎಲ್ಲ ಸೇರಿ. ಅಂಶವೂ ಸಿಕ್ಕಿರಲಿಲ್ಲ ಎಂದು ಗೊತ್ತಾದದ್ದು ಆಗ.

ಷೇರು ಪೇಟೆಯಲ್ಲಿಲ್ಲದ ಕಂಪನಿಗಳು ಉಳಿದವು. ಕೇರಳದ ಕೆಎಲ್‌ಎಫ್ ನಿರ್ಮಲ್, ತೂತ್ತುಕುಡಿಯ ವಿವಿಡಿ, ಇಂಥವು. ಇವುಗಳ ಲೆಕ್ಕಪತ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಕಡತದಲ್ಲಿರುತ್ತದೆ. ಒಂದು ಕಂಪನಿಗೆ 100 ರೂಪಾಯಿ ಕಟ್ಟಿದರೆ ಮೂರು ಗಂಟೆ ತೆರೆದಿರುತ್ತದೆ. ಐದು ಕಂಪನಿಗೆ 500 ರೂಪಾಯಿ ನಾನು ಕೊಟ್ಟೆ. ಇಳಿಸಿಕೊಳ್ಳುವಾಗ ಕರೆಂಟು ಹೋಗಿ, ನಮ್ಮ ಮೂರು ಗಂಟೆಯಲ್ಲಿ ಮುಕ್ಕಾಲು ಗಂಟೆ ಕತ್ತಲೆಗೆ ಹೋಯಿತು. ಕೇರಾಫೆಡ್ ಮಾತ್ರ ಅಲ್ಲಿ ಸಿಗಲಿಲ್ಲ. ಅದು ಕೇರಳದ ರೈತರ ಸಹಕಾರಿ ಮಹಾಮಂಡಳ, ಕಂಪನಿಯೇ ಅಲ್ಲ. ಅದರ ಹೆಸರನ್ನು ಕೋಷ್ಟಕದ ಕೆಳಗೆ ‘ಸೇರಿಲ್ಲ’ ಎಂದು ಬರೆದುಕೊಂಡಳು.

ತಾಳೆ ನೋಡಲು ಇನ್ನೊಂದು ದಾರಿ ಇತ್ತು, ಅದು ನನಗೆ ತುಂಬಾ ಇಷ್ಟವಾದ ದಾರಿ: ಮಾರುವವರನ್ನು ಬಿಟ್ಟು ಕೊಳ್ಳುವವರನ್ನು ಕೇಳುವುದು. ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆ 2023-24ರಲ್ಲಿ 2.6 ಲಕ್ಷ ಮನೆಗಳ ಬಾಗಿಲಿಗೆ ಹೋಗಿತ್ತು. ಆ ಪಟ್ಟಿಯಲ್ಲಿ ತೆಂಗಿನೆಣ್ಣೆಗೆ ತನ್ನದೇ ಸಾಲಿದೆ, ತೆಂಗಿನಕಾಯಿಗೆ ಒಂದು, ಕೊಬ್ಬರಿಗೆ ಒಂದು. ಮನೆಯಲ್ಲಿ ಬೆಳೆದು ಬಳಸಿದ್ದನ್ನೂ ಕೊಂಡದ್ದನ್ನೂ ಬೇರೆ ಮಾಡಿ ಕೇಳುತ್ತಾರೆ. ನಮ್ಮ ಮಿಲ್ಲಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಕೂತಿದ್ದವರು ದೇಶದ ಲೆಕ್ಕಕ್ಕೆ ಬರುವುದು ಇದೊಂದೇ ಬಾಗಿಲಿನಿಂದ.

ರಾತ್ರಿ ಹತ್ತಕ್ಕೆ ಖಾಲಿ ಪುಟ ತುಂಬಿತು. ಒಂದು ಭಾಗಲಬ್ಧ, ಅದರ ಕೆಳಗೆ ಏಳು ಅಡಿಟಿಪ್ಪಣಿ. ಅವಳು ಹೆದರಿದಳು, ಇಷ್ಟು ಟಿಪ್ಪಣಿ ಕಂಡರೆ ಗೈಡ್ ಏನಂದುಕೊಳ್ಳುತ್ತಾರೋ ಎಂದು. ನಾನು ಒಂದನ್ನೂ ತೆಗೆಯಬೇಡ ಅಂದೆ. ಪ್ರಬಂಧದ ತಲೆಬರಹದಲ್ಲಿ ‘ಭಾರತೀಯ ತೆಂಗಿನೆಣ್ಣೆ ಉದ್ಯಮ’ ಎಂದಿದ್ದದ್ದನ್ನು ಅವಳೇ ಹೊಡೆದು ‘ಕಂಪನಿಗಳು ಮಾರುವ ಪ್ಯಾಕ್ ಮಾಡಿದ ತೆಂಗಿನೆಣ್ಣೆ’ ಎಂದು ತಿದ್ದಿದಳು. ಉದ್ದವಾಯಿತು, ಸರಿಯಾಯಿತು.

ಸೋಮವಾರ ಮೊದಲ ಬಸ್ಸಿಗೆ ಹೊರಡಬೇಕಿತ್ತು. ಐದೂವರೆಗೆ ಎದ್ದು ನೋಡಿದರೆ ಹಾಸಿಗೆಯಲ್ಲಿಲ್ಲ. ಏಣಿ ಅಟ್ಟಕ್ಕೆ ಒರಗಿತ್ತು. ಮೇಲೆ ಮೊಬೈಲಿನ ಬೆಳಕು, ಗಡಗಡ ಸದ್ದು. ಹತ್ತಿ ನೋಡಿದೆ. ಗೋಡೆಗೆ ಹತ್ತಿದ ಸಾಲಿನಿಂದ ಒಂದೊಂದೇ ಕಾಯಿ ಎತ್ತಿ, ಕಿವಿಯ ಬಳಿ ಅಲುಗಾಡಿಸಿ, ಎಡಕ್ಕೊಂದು ಬಲಕ್ಕೊಂದು ಇಡುತ್ತಿದ್ದಳು. ಲಂಗದ ತುಂಬ ದೂಳು.

“ನಲವತ್ತರಲ್ಲಿ ಮೂವತ್ತೊಂದು ಸದ್ದು ಮಾಡ್ತವೆ ದೊಡ್ಡಪ್ಪ. ಒಟ್ಟು ಎಷ್ಟಿವೆ ಇಲ್ಲಿ?”

ಇಷ್ಟು ವರ್ಷ ಈ ಮನೆಯಲ್ಲಿದ್ದು ನಾನು ಎಣಿಸಿಲ್ಲ. ಅಮ್ಮನನ್ನು ಕೇಳಿದೆ. ಅವರೂ ಎಣಿಸಿಲ್ಲವಂತೆ, ಇಳಿಸಿದ ದಿನ ಎಣಿಸುವುದು ರೂಢಿ. ಅವಳು ಮೊದಲ ಬಸ್ಸು ಬಿಟ್ಟಳು. ನಾನು ಸಾಲಿನ ಆ ತುದಿಗೆ ಕೂತೆ, ಅವಳು ಈ ತುದಿಗೆ.